ಎರಡು ಪಾಯಿಂಟು, ಎಂಟು ವರ್ಷ: ಸ್ಕಾಟ್ ಇವಾನ್ಸ್ ಪ್ರಕರಣ

2016ರ ಆಗಸ್ಟ್. ರಿಯೊ ಒಲಿಂಪಿಕ್ಸ್. ನಾವೆಲ್ಲ ಸಿಂಧು ಆಟಕ್ಕೆ ಕಾಯುತ್ತ ಟಿ.ವಿ. ಮುಂದೆ ಕೂತಿದ್ದ ದಿನಗಳವು. ಅದೇ ಒಳಾಂಗಣದಲ್ಲಿ ಬ್ಯಾಡ್ಮಿಂಟನ್ ಪುರುಷರ ಸಿಂಗಲ್ಸ್‌ನ ಒಂದು ಗುಂಪು ಪಂದ್ಯ ಮುಗಿಯಿತು. ಗೆದ್ದವರು ಐರ್ಲೆಂಡಿನ ಸ್ಕಾಟ್ ಇವಾನ್ಸ್. ಗೆದ್ದ ಕೂಡಲೇ ಅಂಗಿ ಕಿತ್ತು ತೆಗೆದು, ಬರಿಮೈಯಲ್ಲಿ ಕೂಗಿದರು. ಆ ಫೋಟೊ ಬಹಳ ಕಡೆ ಹರಿದಾಡಿತು.

ಸುಮ್ನೆ ನೋಡಿದವರಿಗೆ ಇದು ಜಾಸ್ತಿ ಆಯ್ತು ಅನ್ನಿಸಬಹುದು. ಅದೇನು ಫೈನಲ್ ಅಲ್ಲ, ಸೆಮಿಫೈನಲ್ಲೂ ಅಲ್ಲ. ಗುಂಪು ಹಂತದ ಪಂದ್ಯ. ಎದುರಾಳಿ ಜರ್ಮನಿಯ ಮಾರ್ಕ್ ಝ್ವೀಬ್ಲರ್. ಸ್ಕೋರು 9-21, 21-17, 21-7. ಇಷ್ಟಕ್ಕೇ ಇಷ್ಟೊಂದು ಸಂಭ್ರಮ ಯಾಕೆ?

ಈ ಬರಹ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ನನಗೆ ಇವಾನ್ಸ್ ಪ್ರಕರಣ ಮುಖ್ಯ ಅನ್ನಿಸುವುದಕ್ಕೆ ಕಾರಣ ಅವರು ಗೆದ್ದ ಕಪ್ಪುಗಳಲ್ಲ. ತನ್ನ ದೇಶದಲ್ಲಿ ತನ್ನ ಆಟಕ್ಕೆ ಬೇಕಾದ ವ್ಯವಸ್ಥೆ ಇಲ್ಲದಾಗ, ಆಟಗಾರನೊಬ್ಬ ಅದನ್ನು ಬೇರೆ ಕಡೆಯಿಂದ ಹೇಗೆ ತಂದುಕೊಳ್ಳುತ್ತಾನೆ, ಅದಕ್ಕೆ ಎಷ್ಟು ವರ್ಷ ತೆರುತ್ತಾನೆ ಅನ್ನುವುದು ಇಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ.

ಹಳೆಯ ಮನೆ

ಐರ್ಲೆಂಡ್ ಅಂದರೆ ಹರ್ಲಿಂಗ್, ಗೇಲಿಕ್ ಫುಟ್‌ಬಾಲ್, ರಗ್ಬಿ, ಬಾಕ್ಸಿಂಗ್. ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನದಲ್ಲಿ 82,000ಕ್ಕೂ ಹೆಚ್ಚು ಜನ ಕೂತು ಗೇಲಿಕ್ ಆಟ ನೋಡುತ್ತಾರೆ. ಬ್ಯಾಡ್ಮಿಂಟನ್‌ಗೆ ಅಲ್ಲಿ ಅಂಥ ಜಾಗ ಇಲ್ಲ.

ಆದರೆ ಈ ಆಟ ಅಲ್ಲಿಗೆ ಹೊಸದೂ ಅಲ್ಲ. ಜಗತ್ತಿನ ಮೊದಲ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಪಂದ್ಯ ನಡೆದದ್ದು 1903ರಲ್ಲಿ, ಡಬ್ಲಿನ್‌ನಲ್ಲಿ, ಐರ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ. 1934ರಲ್ಲಿ ಒಂಬತ್ತು ದೇಶಗಳ ಸಂಘಗಳು ಸೇರಿ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಒಕ್ಕೂಟ ಕಟ್ಟಿದಾಗ ಅದರಲ್ಲಿ ಐರ್ಲೆಂಡ್ ಒಂದು. ಡೆನ್ಮಾರ್ಕ್ ಕೂಡ ಒಂದು. ಈ ಎರಡು ಹೆಸರುಗಳನ್ನು ನೆನಪಲ್ಲಿ ಇಟ್ಟುಕೊಳ್ಳಿ. ಒಂದೇ ದಿನ ಒಂದೇ ಮೇಜಿನ ಸುತ್ತ ಕೂತ ಎರಡು ಚಿಕ್ಕ ದೇಶಗಳು. ಮುಂದೆ ಒಂದರ ಹುಡುಗ ಇನ್ನೊಂದರ ಬಾಗಿಲು ತಟ್ಟಬೇಕಾಗಿ ಬಂತು.

ಒಂದು ಕಾಲದಲ್ಲಿ ಐರಿಷ್ ಆಟಗಾರರದ್ದೇ ದರ್ಬಾರು. ಡಬ್ಲಿನ್‌ನಲ್ಲಿ ಹುಟ್ಟಿದ ಫ್ರ್ಯಾಂಕ್ ಡೆವ್ಲಿನ್ 1925ರಿಂದ 1929ರವರೆಗೆ ಸತತ ಐದು ಸಲ, ಆಗಿನ ಅತಿ ದೊಡ್ಡ ಟೂರ್ನಿ ಆಲ್ ಇಂಗ್ಲೆಂಡ್‌ನ ಸಿಂಗಲ್ಸ್ ಗೆದ್ದರು. 1931ರಲ್ಲಿ ಮತ್ತೊಮ್ಮೆ ಗೆದ್ದರು. ಕರ್ಲಿ ಮ್ಯಾಕ್ ಜೊತೆ ಡಬಲ್ಸ್‌ನಲ್ಲೂ ಸೋಲಿಸುವವರಿರಲಿಲ್ಲ. ಆಮೇಲೆ ಡೆವ್ಲಿನ್ ಅಮೆರಿಕ ಕಡೆ ಹೊರಟುಹೋದರು. ಅವರ ಮಗಳು ಜೂಡಿ ಅಲ್ಲಿ ಬೆಳೆದು ಅಮೆರಿಕದ ಪರ ಆಡಿ, ಹತ್ತು ಸಲ ಆಲ್ ಇಂಗ್ಲೆಂಡ್ ಸಿಂಗಲ್ಸ್ ಗೆದ್ದರು. ಅಂದರೆ ಐರ್ಲೆಂಡಿನ ಅತಿ ದೊಡ್ಡ ಬ್ಯಾಡ್ಮಿಂಟನ್ ಮನೆತನದ ಫಸಲು ಬೇರೆಯವರ ಕಣಜ ಸೇರಿತು.

ಉಳಿದದ್ದು ಊರಿನ ಆಟ. ಐರ್ಲೆಂಡಿನಲ್ಲಿ ಬ್ಯಾಡ್ಮಿಂಟನ್ ಬೆಳೆದದ್ದು ಚರ್ಚಿಗೆ ಸೇರಿದ ಸಭಾಂಗಣಗಳಲ್ಲಿ. ಚಳಿಗಾಲದ ಸಂಜೆ, ಹೊರಗೆ ಮಳೆ, ಒಳಗೆ ಒಂದೋ ಎರಡೋ ಕೋರ್ಟು, ಆಟದ ನಡುವೆ ಚಹಾ. ಆಟಕ್ಕಿಂತ ಜನ ಸೇರುವುದೇ ಮುಖ್ಯ. ಕೇಳೋಕೆ ಬಹಳ ಚೆನ್ನಾಗಿದೆ. ಆದರೆ ಅಂಥ ಹಾಲುಗಳ ಚಾವಣಿ ತಗ್ಗು. ಎತ್ತರಕ್ಕೆ ಎತ್ತಿ ಹೊಡೆದ ಶಟಲ್ ತೊಲೆಗೆ ಬಡಿಯುತ್ತದೆ. ಚಾವಣಿಗೆ ತಾಗಿದರೆ ನಿಯಮದ ಪ್ರಕಾರ ಅದು ಫಾಲ್ಟ್. ಹಾಗಾಗಿ ಅಲ್ಲಿ ಆಡಿದವರ ಕೈ ಚಪ್ಪಟೆ ಹೊಡೆತಕ್ಕೆ, ನೆಟ್ ಹತ್ತಿರದ ಚುರುಕಿಗೆ ಪಳಗುತ್ತದೆ. ಆಕಾಶಕ್ಕೆ ಎತ್ತಿ ಎದುರಾಳಿಯನ್ನು ಹಿಂದಕ್ಕೆ ಓಡಿಸುವ ಸಿಂಗಲ್ಸ್ ಆಟಕ್ಕೆ ಬೇಕಾದ ಎತ್ತರವೇ ಅಲ್ಲಿ ಸಿಗುವುದಿಲ್ಲ. ದೊಡ್ಡ ಅಂತರರಾಷ್ಟ್ರೀಯ ಟೂರ್ನಿಗಳಲ್ಲಿ ಚಾವಣಿ 12 ಮೀಟರ್ ಎತ್ತರ ಇರಬೇಕು ಅನ್ನುತ್ತಾರೆ.

ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು. ಪ್ರಕಾಶ್ ಪಡುಕೋಣೆ ಶಟಲ್ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ. ಅದು ಮದುವೆ ನಡೆಯುತ್ತಿದ್ದ ಜಾಗ. ಆವತ್ತು ಸಮಾರಂಭ ಇಲ್ಲ ಅಂದರೆ ಮಾತ್ರ ಆಟ. ಡಬ್ಲಿನ್‌ನ ಚರ್ಚ್ ಹಾಲ್‌ಗೂ ಮಲ್ಲೇಶ್ವರದ ಮದುವೆ ಹಾಲ್‌ಗೂ ಈ ವಿಷಯದಲ್ಲಿ ದೂರ ಕಮ್ಮಿ.

ಹದಿನಾರರ ಹುಡುಗ ಮನೆ ಬಿಟ್ಟದ್ದು

ಇವಾನ್ಸ್ ಹುಟ್ಟಿದ್ದು 1987ರ ಸೆಪ್ಟೆಂಬರ್‌ನಲ್ಲಿ, ಡಬ್ಲಿನ್‌ನಲ್ಲಿ. ಹದಿನಾರರ ಆಸುಪಾಸಿನಲ್ಲಿ ಡೆನ್ಮಾರ್ಕ್‌ಗೆ ಹೋದರು. ಇಡೀ ಪ್ರಕರಣದ ತಿರುವು ಇದೇ.

ಯಾಕೆ ಡೆನ್ಮಾರ್ಕ್? ಜನಸಂಖ್ಯೆ ಜಾಸ್ತಿ ಅಂತಲ್ಲ. 2016ರ ಜನಗಣತಿಯಲ್ಲಿ ಐರ್ಲೆಂಡ್ ಗಣರಾಜ್ಯದ ಜನಸಂಖ್ಯೆ ಸುಮಾರು 47.6 ಲಕ್ಷ. ಆ ಹೊತ್ತಿಗೆ ಡೆನ್ಮಾರ್ಕ್‌ನದ್ದು 57 ಲಕ್ಷ. ಎರಡೂ ನಮ್ಮ ಬೆಂಗಳೂರಿನಲ್ಲಿ ಕರಗಿಹೋಗುವಷ್ಟು ಜನ. ಆದರೂ ಡೆನ್ಮಾರ್ಕ್ 1996ರಲ್ಲಿ ಪೌಲ್ ಎರಿಕ್ ಹೋಯರ್ ಮೂಲಕ ಒಲಿಂಪಿಕ್ ಸಿಂಗಲ್ಸ್ ಚಿನ್ನ ಗೆದ್ದಿತ್ತು. 2016ರಲ್ಲಿ ಪುರುಷರ ತಂಡಗಳ ವಿಶ್ವ ಟೂರ್ನಿಯಾದ ಥಾಮಸ್ ಕಪ್ ಗೆದ್ದ ಮೊದಲ ಯುರೋಪಿಯನ್ ದೇಶವಾಯಿತು.

ವ್ಯತ್ಯಾಸ ಇರುವುದು ಕ್ಲಬ್ಬುಗಳಲ್ಲಿ. ಡೆನ್ಮಾರ್ಕ್‌ನಲ್ಲಿ ಬಡಾವಣೆಗೊಂದು ಕ್ಲಬ್ಬು, ಅದಕ್ಕೊಂದು ಒಳ್ಳೆ ಹಾಲು, ಅದರ ಮೇಲೆ ಲೀಗು. ಲೀಗಿನಲ್ಲಿ ದೇಶದ ಅಗ್ರ ಆಟಗಾರರೇ ಆಡುತ್ತಾರೆ. ಹೊರಗಿನವರಿಗೂ ಅಲ್ಲಿ ಜಾಗ ಇದೆ. ವಾರವಿಡೀ ಅಭ್ಯಾಸ, ನಡುವೆ ಲೀಗ್ ಪಂದ್ಯ. ಒಬ್ಬ ಹುಡುಗ ಆಡುತ್ತಾ ಆಡುತ್ತಾ ಮೇಲೇರಬಹುದಾದ ಮೆಟ್ಟಿಲುಗಳು ಅಲ್ಲಿ ಮೊದಲೇ ಕಟ್ಟಿ ಇಟ್ಟಿವೆ.

ಸಿಂಗಲ್ಸ್ ಆಡುವವರಿಗೆ ಎಲ್ಲಕ್ಕಿಂತ ಬೇಕಾದದ್ದು ಏನು ಗೊತ್ತಾ? ಕೋಚ್ ಬೇಕು, ಹಣ ಬೇಕು, ಹೌದು. ಆದರೆ ಮೊದಲು ಬೇಕಾದದ್ದು ಎದುರಾಳಿ. ದಿನಾ ಬೆಳಿಗ್ಗೆ ನೆಟ್ಟಿನ ಆಚೆ ನಿಂತು ನಿಮ್ಮನ್ನು ಸೋಲಿಸಬಲ್ಲ ಜನ ಬೇಕು. ಅವರು ಒಬ್ಬರಾದರೆ ಸಾಲದು. ಒಬ್ಬರ ಆಟ ತಿಂಗಳೊಳಗೆ ಬಾಯಿಪಾಠ ಆಗಿಬಿಡುತ್ತದೆ. ಎತ್ತರದವರು, ಎಡಗೈಯವರು, ಬರೀ ಡಿಫೆನ್ಸ್ ಮಾಡಿ ಸುಸ್ತು ಹಿಡಿಸುವವರು, ಸ್ಮ್ಯಾಶ್ ಹೊಡೆದು ಮುಗಿಸುವವರು, ಹೀಗೆ ಎಂಟು ಹತ್ತು ಬಗೆಯವರು ಬೇಕು. ಇಡೀ ದೇಶದಲ್ಲಿ ನಿಮ್ಮ ಮಟ್ಟದವರು ಒಬ್ಬಿಬ್ಬರೇ ಇದ್ದರೆ, ಮನೆಯಲ್ಲಿ ಕೂತು ಎಷ್ಟು ಬೆವರು ಸುರಿಸಿದರೂ ಆ ಕೊರತೆ ತುಂಬುವುದಿಲ್ಲ. ಬೆಳಿಗ್ಗೆ ಶಟಲ್ ಆಡುವ ಯಾರನ್ನಾದರೂ ಕೇಳಿ. ತಮಗಿಂತ ಚೂರು ಮೇಲಿನವರ ಜೊತೆ ಒಂದು ತಿಂಗಳು ಆಡಿದರೆ ಕೈ ಹೇಗೆ ಬದಲಾಗುತ್ತದೆ ಅಂತ ಅವರೇ ಹೇಳುತ್ತಾರೆ.

ಈ ದಾರಿಯಲ್ಲಿ ಇವಾನ್ಸ್‌ಗಿಂತ ಮೊದಲೇ ನಡೆದವರು ನಮ್ಮ ಪ್ರಕಾಶ್. 1980ರಲ್ಲಿ ಲಿಯೆಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್, ಆಮೇಲೆ ಹಲವು ವರ್ಷ ಡೆನ್ಮಾರ್ಕ್‌ನಲ್ಲಿ ಅಭ್ಯಾಸ ಮಾಡಿದರು. ಮಾರ್ಟೆನ್ ಫ್ರಾಸ್ಟ್ ಥರದ ಆಟಗಾರರ ಒಡನಾಟ ಅಲ್ಲಿ ಸಿಕ್ಕಿತು. ಜಗತ್ತಿನ ಚಾಂಪಿಯನ್ನರ ಸಾಲಿಗೆ ಬಂದಿದ್ದವರೇ ಎದುರಾಳಿಗಳನ್ನು ಹುಡುಕಿಕೊಂಡು ಅಲ್ಲಿಗೆ ಹೋದರು ಅಂದಮೇಲೆ, ಡಬ್ಲಿನ್‌ನ ಹದಿಹರೆಯದ ಹುಡುಗ ಹೋದದ್ದರಲ್ಲಿ ಆಶ್ಚರ್ಯ ಇಲ್ಲ.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಪ್ರಕಾಶ್ ಹೋದಾಗ ಅವರ ಕೈಯಲ್ಲಿ ಹೆಸರಿತ್ತು. ಇವಾನ್ಸ್ ಹೋದಾಗ ಬರೀ ಆಸೆ ಇತ್ತು. ಹದಿನಾರು ಅಂದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುವ ವಯಸ್ಸು. ಭಾಷೆ ಬೇರೆ, ಊಟ ಬೇರೆ, ಚಳಿಗಾಲದಲ್ಲಿ ಮಧ್ಯಾಹ್ನಕ್ಕೇ ಕತ್ತಲಾಗುವ ಊರು. ಅಪ್ಪ ಅಮ್ಮ ಸಮುದ್ರದ ಆಚೆ. ಬೆಂಗಳೂರಿನ ಪಡುಕೋಣೆ ಅಕಾಡೆಮಿಗೆ ಅಲ್ಮೋರಾದಿಂದ ಚಿಕ್ಕ ಹುಡುಗನಾಗಿ ಬಂದ ಲಕ್ಷ್ಯ ಸೇನ್‌ಗೂ ಹೀಗೇ ಆಗಿರಬೇಕು ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಲಕ್ಷ್ಯಗೆ ಬೆಂಗಳೂರು ಹೇಗೋ ಇವಾನ್ಸ್‌ಗೆ ಡೆನ್ಮಾರ್ಕ್ ಹಾಗೆ. ಆದರೆ ಲಕ್ಷ್ಯ ದೇಶ ದಾಟಬೇಕಾಗಿರಲಿಲ್ಲ.

ಇನ್ನೊಂದು ಮಾತು. ಇವಾನ್ಸ್ ಹೋಗಿ ಎರಡು ಮೂರು ವರ್ಷ ಆಗುವಷ್ಟರಲ್ಲಿ ಆಟದ ಲೆಕ್ಕವೇ ಬದಲಾಯಿತು. 2006ರಲ್ಲಿ ಹಳೆಯ 15 ಪಾಯಿಂಟಿನ ಪದ್ಧತಿ ಹೋಗಿ, ಪ್ರತಿ ರ‍್ಯಾಲಿಗೂ ಪಾಯಿಂಟ್ ಕೊಡುವ 21ರ ಪದ್ಧತಿ ಬಂತು. ಮೊದಲು ಸರ್ವ್ ಮಾಡುವವರಿಗೆ ಮಾತ್ರ ಪಾಯಿಂಟ್. ತಪ್ಪು ಮಾಡಿದರೆ ಸರ್ವ್ ಹೋಗುತ್ತಿತ್ತು ಅಷ್ಟೇ. ಹೊಸ ಪದ್ಧತಿಯಲ್ಲಿ ಪ್ರತಿ ತಪ್ಪಿಗೂ ತಕ್ಷಣ ದಂಡ. ಒಂದು ಪದ್ಧತಿಯಲ್ಲಿ ಕಲಿತು ಇನ್ನೊಂದರಲ್ಲಿ ಬದುಕಬೇಕಾದ ತಲೆಮಾರು ಅವರದ್ದು.

ಟಿಕೆಟ್ಟಿಗಾಗಿ ಓಡಾಟ

ಒಲಿಂಪಿಕ್ಸ್‌ಗೆ ಹೋಗುವುದು ರ‍್ಯಾಂಕಿಂಗ್ ಮೇಲೆ. ಆಟಗಾರ ಹನ್ನೆರಡು ತಿಂಗಳಲ್ಲಿ ಆಡಿದ ಟೂರ್ನಿಗಳಲ್ಲಿ ಉತ್ತಮವಾದ ಹತ್ತರ ಅಂಕ ಕೂಡಿಸುತ್ತಾರೆ. ಇವಾನ್ಸ್ ಆಡುತ್ತಿದ್ದ ಕಾಲದಲ್ಲಿ ಒಲಿಂಪಿಕ್ ವರ್ಷದ ಮೇ ತಿಂಗಳ ಮೊದಲ ವಾರದ ಪಟ್ಟಿ ನೋಡಿ ಜಾಗ ಹಂಚುತ್ತಿದ್ದರು. ಒಂದೇ ದೇಶದಿಂದ ಎಷ್ಟು ಜನ ಅನ್ನುವುದಕ್ಕೆ ಮಿತಿ ಇದೆ. ಹಾಗಾಗಿ ಚೀನಾದ, ಇಂಡೊನೇಷ್ಯಾದ, ಡೆನ್ಮಾರ್ಕ್‌ನ ನಾಲ್ಕನೆಯವರು ಐದನೆಯವರು ಮನೆಯಲ್ಲೇ ಉಳಿಯುತ್ತಾರೆ. ಐರ್ಲೆಂಡ್‌ನಂಥ ದೇಶಕ್ಕೆ ಬಾಗಿಲು ತೆರೆಯುವುದು ಅಲ್ಲೇ.

ಆ ಬಾಗಿಲ ತನಕ ಹೋಗಲು ಯುರೋಪಿನ ಸಣ್ಣ ಟೂರ್ನಿಗಳಲ್ಲಿ ಅಲೆಯಬೇಕು. ಈ ವಾರ ಒಂದು ದೇಶ, ಮುಂದಿನ ವಾರ ಇನ್ನೊಂದು. ಅಗ್ಗದ ವಿಮಾನ, ಅಗ್ಗದ ಹೋಟೆಲ್, ಹಾಲ್‌ನಲ್ಲಿ ಬೆರಳೆಣಿಕೆಯ ಪ್ರೇಕ್ಷಕರು. ಆ ಕಾಲದಲ್ಲಿ ‘ಇಂಟರ್‌ನ್ಯಾಷನಲ್ ಚಾಲೆಂಜ್’ ಮಟ್ಟದ ಟೂರ್ನಿಯ ಒಟ್ಟು ಬಹುಮಾನ ಸುಮಾರು 15,000 ಡಾಲರ್. ಅದು ಐದು ವಿಭಾಗಕ್ಕೂ ಸೇರಿ. ಗೆದ್ದವರಿಗೂ ಸಿಗುವುದು ಅದರಲ್ಲಿ ಒಂದು ಚೂರು. ಎರಡನೇ ಸುತ್ತಿನಲ್ಲಿ ಸೋತರೆ ಪ್ರಯಾಣದ ಖರ್ಚೂ ಹುಟ್ಟುವುದಿಲ್ಲ.

ಐರ್ಲೆಂಡ್ ಸರ್ಕಾರ ಅಗ್ರ ಕ್ರೀಡಾಪಟುಗಳಿಗೆ ವರ್ಷಕ್ಕೊಂದು ಅನುದಾನ ಕೊಡುತ್ತದೆ. ಇವಾನ್ಸ್ ಆಡುತ್ತಿದ್ದ ವರ್ಷಗಳಲ್ಲಿ ಅದರ ಮೂರು ದೊಡ್ಡ ಹಂತ 40,000, 20,000, 12,000 ಯೂರೊ ಇತ್ತು. ಪದಕ ತರುವ ಭರವಸೆ ಇದ್ದವರಿಗೆ ಮೇಲಿನ ಹಂತ. ವರ್ಷ ವರ್ಷವೂ ಫಲಿತಾಂಶ ನೋಡಿ ಮತ್ತೆ ತೂಗುತ್ತಾರೆ. ಸೋತ ವರ್ಷವೇ ಹಣ ಜಾಸ್ತಿ ಬೇಕು, ಸೋತ ವರ್ಷವೇ ಹಣ ಕಮ್ಮಿಯಾಗುತ್ತದೆ. ಯಾವ ದೇಶದ ಕ್ರೀಡಾ ಇಲಾಖೆಯೂ ಈ ಗಂಟನ್ನು ಪೂರ್ತಿ ಬಿಡಿಸಿದ್ದನ್ನು ನಾನು ಕಂಡಿಲ್ಲ.

ಬೀಜಿಂಗ್, ಲಂಡನ್

ಇವಾನ್ಸ್ 20ನೇ ವಯಸ್ಸಿಗೇ 2008ರ ಬೀಜಿಂಗ್‌ಗೆ ಅರ್ಹತೆ ಪಡೆದರು. ನಮ್ಮ ಬೆಂಗಳೂರಿನ ಅನೂಪ್ ಶ್ರೀಧರ್ ಆಡಿದ್ದೂ ಅದೇ ಸಿಂಗಲ್ಸ್ ಡ್ರಾದಲ್ಲಿ. ಆಗ ಗುಂಪು ಹಂತ ಇರಲಿಲ್ಲ. ಮೊದಲ ಪಂದ್ಯ ಸೋತರೆ ಅಲ್ಲಿಗೆ ಮುಗಿಯಿತು.

ಎದುರಿಗೆ ಬಂದವರು ಮಾರ್ಕ್ ಝ್ವೀಬ್ಲರ್. 18-21, 21-18, 19-21. ಇವಾನ್ಸ್ ಸೋತರು.

ಪಾಯಿಂಟುಗಳನ್ನು ಕೂಡಿಸಿ ನೋಡಿ. ಇವಾನ್ಸ್ 58, ಝ್ವೀಬ್ಲರ್ 60. ಎರಡೇ ಎರಡು ಪಾಯಿಂಟು. ನಾಲ್ಕು ವರ್ಷದ ಪರದೇಶವಾಸ, ಅಷ್ಟೊಂದು ಸಣ್ಣ ಟೂರ್ನಿ, ಎಲ್ಲ ಸೇರಿ ಒಲಿಂಪಿಕ್ಸ್‌ನಲ್ಲಿ ಸಿಕ್ಕಿದ್ದು ಮೂರು ಗೇಮು. ಶಟಲ್ ಎರಡು ಸಲ ಗೆರೆಯ ಒಳಗೆ ಬಿದ್ದಿದ್ದರೆ ಕತೆಯೇ ಬೇರೆ. ಇಂಥ ಸೋಲು ದೊಡ್ಡ ಅಂತರದ ಸೋಲಿಗಿಂತ ಹೆಚ್ಚು ದಿನ ಮನಸ್ಸಲ್ಲಿ ಉಳಿಯುತ್ತದೆ. ಆಡಿದವರಿಗೆ ಗೊತ್ತು.

ಅದೇ ಬೀಜಿಂಗ್‌ನಲ್ಲಿ ಐರ್ಲೆಂಡ್‌ಗೆ ಒಂದು ಖುಷಿಯೂ ಸಿಕ್ಕಿತು. ಡೊನೆಗಲ್ ಕೌಂಟಿಯ ರಾಫೋ ಊರಿನ ಹುಡುಗಿ ಕ್ಲೋಯಿ ಮಗೀ, ಎಸ್ಟೋನಿಯದ ಕಾಟಿ ಟೋಲ್ಮಾಫ್ ಅವರನ್ನು ಸೋಲಿಸಿ, ಒಲಿಂಪಿಕ್ ಬ್ಯಾಡ್ಮಿಂಟನ್ ಪಂದ್ಯ ಗೆದ್ದ ಮೊದಲ ಐರಿಷ್ ಮಹಿಳೆ ಆದರು. ಆಗ ಅವರಿಗೆ 19. ಅವರ ಮನೆಯಲ್ಲಿ ಅಣ್ಣ ತಮ್ಮಂದಿರೆಲ್ಲ ಶಟಲ್ ಆಟಗಾರರೇ. ಮುಂದೆ 2017ರಲ್ಲಿ ಸೋದರ ಸ್ಯಾಮ್ ಜೊತೆ ಮಿಶ್ರ ಡಬಲ್ಸ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ಕಂಚು ಗೆದ್ದರು. ಮಗೀ ಮನೆಯ ಕತೆಯೇ ಒಂದು ಪ್ರತ್ಯೇಕ ಅಧ್ಯಯನಕ್ಕೆ ಆಗುವಷ್ಟಿದೆ.

2012, ಲಂಡನ್. ಡಬ್ಲಿನ್‌ನಿಂದ ವಿಮಾನದಲ್ಲಿ ಒಂದೂಕಾಲು ಗಂಟೆ. ಅಂದರೆ ಹೆಚ್ಚುಕಮ್ಮಿ ಮನೆ ಅಂಗಳ. ಆದರೆ ಡ್ರಾ ತೆರೆದಾಗ ಇವಾನ್ಸ್ ಗುಂಪಿನಲ್ಲಿ ಇದ್ದ ಹೆಸರು ಲಿನ್ ಡಾನ್. ಬೀಜಿಂಗ್‌ನ ಚಿನ್ನದ ಒಡೆಯ. ಗುಂಪಿನಲ್ಲಿ ಅವರಿಬ್ಬರೇ. ಒಂದೇ ಪಂದ್ಯ, 8-21, 14-21. ಲಿನ್ ಡಾನ್ ಮುಂದೆ ಹೋಗಿ ಲೀ ಚಾಂಗ್ ವೇಯನ್ನು ಸೋಲಿಸಿ ಮತ್ತೆ ಚಿನ್ನ ಗೆದ್ದರು.

ಈ ಪಂದ್ಯದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎರಡನೇ ಗೇಮ್‌ನಲ್ಲಿ 14 ಪಾಯಿಂಟ್ ತೆಗೆದದ್ದನ್ನು ನಾನು ಮರ್ಯಾದೆಯಿಂದ ನೋಡುತ್ತೇನೆ. ಆದರೆ ಲೆಕ್ಕದ ಪುಸ್ತಕದಲ್ಲಿ ಬರೆದದ್ದು ಇಷ್ಟೇ: ಎರಡು ಒಲಿಂಪಿಕ್ಸ್, ಎರಡು ಪಂದ್ಯ, ಗೆಲುವು ಸೊನ್ನೆ. ವಯಸ್ಸು 24.

ಇಲ್ಲಿ ಬಿಟ್ಟುಬಿಡಬಹುದಿತ್ತು, ಅಲ್ವಾ? ಎಷ್ಟೋ ಜನ ಬಿಡುತ್ತಾರೆ. ಇನ್ನೂ ನಾಲ್ಕು ವರ್ಷ ಅಂದರೆ 28. ಸಿಂಗಲ್ಸ್ ಆಟಗಾರನ ಮೊಣಕಾಲು, ಕಣಕಾಲು, ಬೆನ್ನಿಗೆ ಅದು ಸಣ್ಣ ವಯಸ್ಸಲ್ಲ. ಅಂಕಣ ನೋಡಲು ಪುಟ್ಟದು, ಉದ್ದ 13.4 ಮೀಟರ್, ಸಿಂಗಲ್ಸ್‌ಗೆ ಅಗಲ 5.18. ತನ್ನ ಅರ್ಧದೊಳಗೇ ಮುಂದಕ್ಕೆ ಹಾರಿ ಬಗ್ಗುವುದು, ಹಿಂದಕ್ಕೆ ಜಿಗಿದು ಇಳಿಯುವುದು, ಮತ್ತೆ ಬಗ್ಗುವುದು. ಪ್ರತಿ ರ‍್ಯಾಲಿಯಲ್ಲೂ ಇಡೀ ಮೈಭಾರ ಒಂದೇ ಮೊಣಕಾಲ ಮೇಲೆ ಬಂದು ಕೂರುತ್ತದೆ. ಇವಾನ್ಸ್ ಬಿಡಲಿಲ್ಲ. ಮತ್ತೆ ಸಣ್ಣ ಟೂರ್ನಿಗಳು, ಮತ್ತೆ ಅಂಕಗಳ ಲೆಕ್ಕ, ಮತ್ತೆ ಮೇ ತಿಂಗಳ ಪಟ್ಟಿ. ಮೂರನೇ ಒಲಿಂಪಿಕ್ಸ್‌ಗೆ ಹೆಸರು ಬಂತು.

ರಿಯೊ: ಮತ್ತೆ ಅದೇ ಹೆಸರು

ರಿಯೊದಲ್ಲಿ ಪುರುಷರ ಸಿಂಗಲ್ಸ್‌ಗೆ 13 ಗುಂಪುಗಳು. ಗುಂಪಿಗೊಬ್ಬ ಸೀಡ್ ಆಟಗಾರ, ಅಂದರೆ ರ‍್ಯಾಂಕಿಂಗ್‌ನಲ್ಲಿ ಮೇಲಿದ್ದವರು. ಗುಂಪು ಗೆದ್ದವರಿಗೆ ಮಾತ್ರ ಮುಂದಿನ ಹಂತ. ಇವಾನ್ಸ್ ಗುಂಪಿನ ಸೀಡ್ ಯಾರು? ಮಾರ್ಕ್ ಝ್ವೀಬ್ಲರ್. ಬೀಜಿಂಗ್‌ನಲ್ಲಿ ಎರಡು ಪಾಯಿಂಟಿನಿಂದ ಮನೆಗೆ ಕಳಿಸಿದವರೇ. ಈ ಎಂಟು ವರ್ಷಗಳಲ್ಲಿ ಅವರೂ ಬೆಳೆದಿದ್ದರು. 2012ರಲ್ಲಿ ಯುರೋಪಿಯನ್ ಚಾಂಪಿಯನ್ ಆಗಿದ್ದರು.

ಮೊದಲ ಗೇಮ್ 9-21. ನೋಡುತ್ತಿದ್ದ ಯಾರಿಗಾದರೂ ಮೂರನೇ ಸಲವೂ ಅದೇ ಹಾಡು ಅನ್ನಿಸಿರಬೇಕು. ಗೇಮ್ ಮುಗಿದ ಮೇಲೆ ಆಟಗಾರನಿಗೆ ಸಿಗುವುದು ಎರಡು ನಿಮಿಷ. ನೀರು ಕುಡಿಯುವುದು, ಬೆವರು ಒರೆಸುವುದು, ಕೋಚ್ ಹೇಳಿದ್ದು ಕೇಳುವುದು, ಎಲ್ಲ ಅಷ್ಟರೊಳಗೆ.

ಎರಡನೇ ಗೇಮ್ 21-17. ಮೂರನೆಯದು 21-7.

ಈ 21-7 ಅನ್ನುವ ಅಂಕಿಯ ಮುಂದೆ ನಾನು ಸ್ವಲ್ಪ ನಿಲ್ಲುತ್ತೇನೆ. ಕೊನೆಯ ಗೇಮ್‌ನಲ್ಲಿ ಯಾರಾದರೂ 11 ತಲುಪಿದಾಗ ಆಟ ಒಂದು ನಿಮಿಷ ನಿಲ್ಲುತ್ತದೆ, ಆಟಗಾರರು ಅಂಕಣದ ಬದಿ ಬದಲಿಸುತ್ತಾರೆ. ದೊಡ್ಡ ಹಾಲ್‌ಗಳಲ್ಲಿ ಹವಾನಿಯಂತ್ರಣದ ಗಾಳಿ ಐದು ಗ್ರಾಂ ತೂಕದ ಶಟಲನ್ನು ಎಳೆದಾಡುತ್ತದೆ. ಒಂದು ಬದಿಯಲ್ಲಿ ಮಾತು ಕೇಳಿದ ಶಟಲ್ ಇನ್ನೊಂದು ಬದಿಯಲ್ಲಿ ಗೆರೆ ದಾಟಿ ಹೋಗುತ್ತದೆ. ಆದ್ದರಿಂದಲೇ ಸಮಸಮ ಆಟಗಾರರ ನಡುವೆ ಕೊನೆಯ ಗೇಮ್ ಸಾಮಾನ್ಯವಾಗಿ ಎಳೆದಾಡುತ್ತದೆ. ಬೀಜಿಂಗ್‌ನಲ್ಲಿ ಆದದ್ದು ಅದೇ, 19-21. ಈ ಸಲ ಎಳೆದಾಟವೇ ಇಲ್ಲ. ಸೀಡ್ ಆಟಗಾರನಿಗೆ ಏಳೇ ಪಾಯಿಂಟು. ಡೆನ್ಮಾರ್ಕ್‌ನ ಹನ್ನೆರಡು ವರ್ಷದ ಬೆಳಗಿನ ಅಭ್ಯಾಸಗಳು ಎಲ್ಲಿಗೆ ಹೋದವು ಅಂತ ಯಾರಾದರೂ ಕೇಳಿದರೆ ನಾನು ಈ ಗೇಮನ್ನು ತೋರಿಸುತ್ತೇನೆ.

ಒಲಿಂಪಿಕ್ ಬ್ಯಾಡ್ಮಿಂಟನ್‌ನಲ್ಲಿ ಪಂದ್ಯ ಗೆದ್ದ ಮೊದಲ ಐರಿಷ್ ಪುರುಷ. ಅಂಗಿ ಕಿತ್ತದ್ದು ಈಗ ನಿಮಗೂ ಜಾಸ್ತಿ ಅನ್ನಿಸಲಿಕ್ಕಿಲ್ಲ.

ಒಲಿಂಪಿಕ್ಸ್‌ನಲ್ಲಿ ಒಂದು ಪಂದ್ಯ ಗೆಲ್ಲುವುದು ಎಷ್ಟು ಕಷ್ಟ ಅನ್ನುವುದಕ್ಕೆ ಅದೇ ರಿಯೊದ ಇನ್ನೊಂದು ನೆನಪು ಸಾಕು. ನಮ್ಮ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟ ಎಷ್ಟು ಅನುಭವಿಗಳು! 2011ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದ ಜೋಡಿ. ರಿಯೊದಲ್ಲಿ ಗುಂಪಿನ ಮೂರೂ ಪಂದ್ಯ ಸೋತರು. ಅಂಥವರಿಗೇ ಸಿಗದ ಗೆಲುವು ಅದು.

ಆದರೆ ಇವಾನ್ಸ್ ಕೆಲಸ ಮುಗಿದಿರಲಿಲ್ಲ. ಗುಂಪಿನ ಇನ್ನೊಬ್ಬ ಎದುರಾಳಿ ಬ್ರೆಜಿಲ್‌ನ ಇಗೋರ್ ಕೊಯೆಲ್ಯೊ, ರಿಯೊದವನೇ. 19 ವರ್ಷ. ಬೆಳೆದದ್ದು ಶಾಕ್ರಿನ್ಯಾ ಎಂಬ ಬಡವರ ಬಡಾವಣೆಯಲ್ಲಿ. ಅವನ ಅಪ್ಪ ಸೆಬಾಸ್ಟಿಯಾವ್ ಅಲ್ಲಿನ ಮಕ್ಕಳಿಗಾಗಿ ಬ್ಯಾಡ್ಮಿಂಟನ್ ಕೇಂದ್ರ ಕಟ್ಟಿದವರು. ಕಾಲಿನ ಚಲನೆ ಕಲಿಸಲು ಸಾಂಬಾ ಕುಣಿತದ ಹೆಜ್ಜೆ ಬಳಸಿದವರು. ಇಡೀ ಹಾಲ್ ಹುಡುಗನ ಹೆಸರು ಕೂಗುತ್ತಿತ್ತು. ಇವಾನ್ಸ್ 21-8 ಗೆದ್ದರು, 19-21 ಸೋತರು, ಮತ್ತೆ 21-8 ಗೆದ್ದರು. ಊರಿನವರೆಲ್ಲ ಎದುರಾಳಿಯ ಕಡೆ ಇದ್ದಾಗ, ಎರಡನೇ ಗೇಮ್ ಕೈಜಾರಿದ ಮೇಲೂ ತಲೆ ಕೆಡಿಸಿಕೊಳ್ಳದ ಈ ಆಟ ನನಗೆ ಝ್ವೀಬ್ಲರ್ ಪಂದ್ಯಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಇಷ್ಟ. ಮೊದಲನೆಯದರಲ್ಲಿ ಹಳೆಯ ಸೋಲಿನ ಉರಿ ಇತ್ತು. ಇದರಲ್ಲಿ ಬರೀ ಆಟ ಇತ್ತು.

ಗುಂಪು ಗೆದ್ದಾಯಿತು. 16ರ ಘಟ್ಟ. ಅದೇ ಘಟ್ಟದಲ್ಲಿ ನಮ್ಮ ಕಿದಂಬಿ ಶ್ರೀಕಾಂತ್ ಕೂಡ ಇದ್ದರು, ಡೆನ್ಮಾರ್ಕ್‌ನ ಯಾನ್ ಯೋರ್ಗೆನ್ಸನ್‌ರನ್ನು ಸೋಲಿಸಿ ಮುಂದೆ ಹೋದರು. ಇವಾನ್ಸ್‌ಗೆ ಸಿಕ್ಕಿದ್ದು ಇನ್ನೊಬ್ಬ ಡೇನ್, ವಿಕ್ಟರ್ ಆಕ್ಸೆಲ್ಸನ್.

ಇವಾನ್ಸ್ ಡೆನ್ಮಾರ್ಕ್‌ಗೆ ಬಂದಿಳಿದಾಗ ಆಕ್ಸೆಲ್ಸನ್ ಹತ್ತು ವರ್ಷದ ಪೋರ. ಯಾವ ವ್ಯವಸ್ಥೆಯನ್ನು ಹುಡುಕಿಕೊಂಡು ಇವಾನ್ಸ್ ಸಮುದ್ರ ದಾಟಿ ಬಂದರೋ, ಆ ವ್ಯವಸ್ಥೆಯೊಳಗೇ ಹುಟ್ಟಿ ಬೆಳೆದ ಹುಡುಗ. 16-21, 12-21. ಇವಾನ್ಸ್ ಸೋತರು. ಆಕ್ಸೆಲ್ಸನ್ ಕೊನೆಗೆ ಲಿನ್ ಡಾನ್‌ರನ್ನೇ ಸೋಲಿಸಿ ಕಂಚು ಗೆದ್ದರು. ಮುಂದೆ ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಚಿನ್ನ.

ಈ ಪ್ರಕರಣವನ್ನು ನಾನು ಓದುವ ಬಗೆ

ಕೆಲವರು ಕೇಳಬಹುದು. ಅಷ್ಟು ವರ್ಷ ಡೆನ್ಮಾರ್ಕ್‌ನಲ್ಲಿ ಇದ್ದೂ ಡೇನ್ ಆಟಗಾರನಿಗೇ ಸೋತರಲ್ಲ, ಹೋಗಿದ್ದರಿಂದ ಏನು ಬಂತು ಅಂತ. ನಾನು ಹಾಗೆ ಓದುವುದಿಲ್ಲ. ಆಕ್ಸೆಲ್ಸನ್ ಆರೇಳು ವರ್ಷದಿಂದ ಪಡೆದದ್ದನ್ನು ಇವಾನ್ಸ್ ಹದಿನಾರರಿಂದ ಪಡೆದರು. ಆ ಹತ್ತು ವರ್ಷದ ಅಂತರ ಅಲ್ಲಿ ಪಾಯಿಂಟುಗಳಾಗಿ ಕಾಣಿಸಿತು ಅಷ್ಟೇ. ಐರ್ಲೆಂಡ್‌ನಲ್ಲೇ ಉಳಿದಿದ್ದರೆ ಆ ಅಂಕಣಕ್ಕೆ ಬಂದು ನಿಲ್ಲುವುದೇ ಅನುಮಾನ ಇತ್ತು. ಹೋದದ್ದು ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಆದರೆ ಹದಿನಾರರ ಹುಡುಗನ ಮೇಲೆ ಅಷ್ಟು ಭಾರ ಬೀಳಬಾರದಿತ್ತು ಅನ್ನುವುದನ್ನೂ ಅಷ್ಟೇ ಖಚಿತವಾಗಿ ಹೇಳುತ್ತೇನೆ. 1934ರಲ್ಲಿ ಒಕ್ಕೂಟ ಕಟ್ಟಲು ಕೂತಿದ್ದ ದೇಶ ಅದು. ಒಬ್ಬ ಹುಡುಗನಿಗೆ ಎಂಟು ಜನ ಎದುರಾಳಿಗಳನ್ನು ಒಂದೇ ಹಾಲ್‌ನಲ್ಲಿ ಸೇರಿಸಿಕೊಡಲು ಅದಕ್ಕೆ ಆಗಲಿಲ್ಲ. ಪ್ರತಿಭೆಯ ಕೊರತೆ ಅಂತ ಹೇಳುವ ಹಾಗಿಲ್ಲ, ಡೆವ್ಲಿನ್ ಹುಟ್ಟಿದ ಊರದು. ದುಡ್ಡಿನ ಕೊರತೆ ಅಂತಲೂ ಪೂರ್ತಿ ಹೇಳಲಾಗದು. ಆಟವನ್ನು ಚಳಿಗಾಲದ ಹವ್ಯಾಸವಾಗಿ ಇಟ್ಟುಕೊಂಡರು, ಕ್ಲಬ್ಬಿನಿಂದ ಲೀಗಿಗೆ, ಲೀಗಿನಿಂದ ರಾಷ್ಟ್ರೀಯ ತಂಡಕ್ಕೆ ಮೆಟ್ಟಿಲು ಕಟ್ಟಲಿಲ್ಲ. ಡೇನರು ಕಟ್ಟಿದರು.

ಇನ್ನೊಂದು ವಿಷಯ ಮನಸ್ಸಿಗೆ ಚುಚ್ಚುತ್ತದೆ. ರಿಯೊದಲ್ಲಿ ಐರ್ಲೆಂಡಿನ ಜನ ಕೊಂಡಾಡಿದ್ದು ರೋಯಿಂಗ್‌ನಲ್ಲಿ ಬೆಳ್ಳಿ ಗೆದ್ದ ಓ’ಡೊನೊವನ್ ಸೋದರರನ್ನು. ಅವರು ಅದಕ್ಕೆ ಪೂರ್ತಿ ಅರ್ಹರು, ಅದು ಆ ದೇಶದ ಮೊದಲ ರೋಯಿಂಗ್ ಪದಕ. ಆಮೇಲೆ ಬಾಕ್ಸಿಂಗ್ ತೀರ್ಪಿನ ಗಲಾಟೆ, ಟಿಕೆಟ್ ಹಗರಣ. ಈ ಗದ್ದಲದಲ್ಲಿ 16ರ ಘಟ್ಟ ತಲುಪಿದ ಶಟಲ್ ಆಟಗಾರ ಹಿಂದಿನ ಪುಟಕ್ಕೆ ಸರಿದರು. ಪದಕದ ಪಟ್ಟಿಯಲ್ಲಿ ಇಂಥ ಸಾಧನೆಗೆ ಕಾಲಂ ಇಲ್ಲ.

2017ರಲ್ಲಿ ಇವಾನ್ಸ್ ನಿವೃತ್ತರಾದರು. ಝ್ವೀಬ್ಲರ್ ಕೂಡ ಅದೇ ವರ್ಷ ಆಟ ಬಿಟ್ಟರು.

ಐರ್ಲೆಂಡ್‌ನಲ್ಲಿ ಆಮೇಲೆ ನ್ಯಾಟ್ ನುಯೆನ್ ಬಂದರು. ಹುಟ್ಟಿದ್ದು 2000ದಲ್ಲಿ ವಿಯೆಟ್ನಾಂನ ಹನೋಯಿಯಲ್ಲಿ, ಚಿಕ್ಕಂದಿನಲ್ಲೇ ಕುಟುಂಬದ ಜೊತೆ ಐರ್ಲೆಂಡ್‌ಗೆ ಬಂದವರು. ಟೋಕಿಯೊ ಒಲಿಂಪಿಕ್ಸ್‌ನ ತನ್ನ ಮೊದಲ ಪಂದ್ಯದಲ್ಲೇ ಶ್ರೀಲಂಕಾದ ನಿಲುಕ ಕರುಣಾರತ್ನರನ್ನು ನೇರ ಗೇಮ್‌ಗಳಲ್ಲಿ ಸೋಲಿಸಿದರು. ಇವಾನ್ಸ್‌ಗೆ ಎಂಟು ವರ್ಷ ಹಿಡಿದದ್ದು ಈ ಹುಡುಗನಿಗೆ ಮೊದಲ ದಿನವೇ ಸಿಕ್ಕಿತು. ಡಬ್ಲಿನ್ ಹೊರವಲಯದ ಕ್ರೀಡಾ ಆವರಣದಲ್ಲಿ ಈಗ ದೊಡ್ಡ ಒಳಾಂಗಣ ಇದೆ, ಐರಿಷ್ ಓಪನ್ ಅಲ್ಲೇ ನಡೆಯುತ್ತದೆ. ತೊಲೆಗೆ ಬಡಿಯುವ ಭಯ ಇಲ್ಲದೆ ಎತ್ತಿ ಹೊಡೆಯಬಹುದು.

ಮತ್ತು ಆ ಬ್ರೆಜಿಲ್ ಹುಡುಗ, ಇಗೋರ್ ಕೊಯೆಲ್ಯೊ? ರಿಯೊದಲ್ಲಿ ಇವಾನ್ಸ್ ಎದುರು ಮೂರನೇ ಗೇಮ್‌ನಲ್ಲಿ ಎಂಟಕ್ಕೆ ನಿಂತುಹೋದವನು. ಕೆಲವೇ ವರ್ಷಗಳಲ್ಲಿ ಅವನೂ ಗಂಟುಮೂಟೆ ಕಟ್ಟಿಕೊಂಡು ಡೆನ್ಮಾರ್ಕ್‌ಗೆ ಹೋದ. ಅಲ್ಲಿ ಕ್ಲಬ್ ಸೇರಿ ಅಭ್ಯಾಸ ಮಾಡಿದ. 2019ರಲ್ಲಿ ಪೆರುವಿನ ಲಿಮಾದಲ್ಲಿ ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಸಿಂಗಲ್ಸ್ ಚಿನ್ನ ಅವನದಾಯಿತು.